ಬಂಗಲೆ ಸುತ್ತ ಮೂರು ಸುತ್ತು

ಎಲ್ಲ ರಾದ್ಧಾಂತಕ್ಕೂ ಕಾರಣ ಒಂದು ಇನ್‌ಲ್ಯಾಂಡ್ ಲೆಟರು. ಅದರಲ್ಲಿ ಇದ್ದದ್ದು ನಾಲ್ಕೇ ಸಾಲು: ‘ಭಾನುವಾರ ಹತ್ತು ಗಂಟೆಗೆ ಬರುತ್ತೇನೆ. ಬಂಗಲೆ ಸುತ್ತಲಿನ ಮೂರೂ ಕಾಲುದಾರಿಗಳನ್ನು ನಡೆದು ನೋಡುತ್ತೇನೆ. ದಾರಿ ಸುಲಭವಾಗಿದ್ದು ಬೋರ್ಡುಗಳೇ ಸಾಕೆನ್ನಿಸಿದರೆ ಗೈಡನ್ನು ಮುಂದುವರಿಸುವ ಅಗತ್ಯವಿಲ್ಲ. ಇಂತಿ, ಪ್ರಿಯಂವದಾ, ಟ್ರಸ್ಟಿನ ಕಾರ್ಯದರ್ಶಿ, ಶಿವಮೊಗ್ಗ.’

ಆ ಗೈಡೇ ನಮ್ಮ ಹೂವಪ್ಪ.

ಭದ್ರಾವತಿಯಿಂದ ಶಿವಮೊಗ್ಗಕ್ಕೆ ಹೋಗುವ ದಾರಿಯಲ್ಲಿ, ಹೊಳೆಯ ಕಡೆಗೆ ತಿರುಗಿದರೆ, ಒಬ್ಬ ಮರದ ಸಾಹುಕಾರರು ನೂರು ವರ್ಷದ ಹಿಂದೆ ಕಟ್ಟಿಸಿದ ಬಂಗಲೆ ಇದೆ. ಸುತ್ತ ಅರವತ್ತು ಎಕರೆ ತೋಪು, ಒಂದು ಪುಟ್ಟ ಕೆರೆ, ಖಾಲಿ ಕುದುರೆ ಲಾಯ, ಬಿದಿರುಮೆಳೆ. ಸಾಹುಕಾರರ ಮೊಮ್ಮಕ್ಕಳು ಅದನ್ನೆಲ್ಲ ಟ್ರಸ್ಟಿಗೆ ಬಿಟ್ಟುಕೊಟ್ಟರು. ಟ್ರಸ್ಟಿನವರು ಮಕ್ಕಳೂ ಮುದುಕರೂ ಆರಾಮಾಗಿ ನಡೆಯುವಂಥ ಮೂರು ದಾರಿ ಮಾಡಿಸಿ, ಮೂರು ತಿಂಗಳ ಮಟ್ಟಿಗೆ ಹೂವಪ್ಪನನ್ನು ಗೈಡ್ ಎಂದು ಇಟ್ಟುಕೊಂಡರು.

ಅದಕ್ಕೂ ಮೊದಲಿನ ಎರಡು ವರ್ಷವನ್ನು ನೆನೆಸಿಕೊಳ್ಳುವುದೂ ಹೂವಪ್ಪನಿಗೆ ಬೇಡವಾಗಿತ್ತು. ಕಾರ್ಖಾನೆಯಿಂದ ವಿಆರೆಸ್ ತಗೊಂಡು ಮನೆಯಲ್ಲಿ ಕೂತ ವರ್ಷಗಳವು. ಹೆಂಡತಿ ಶಕುಂತಲಮ್ಮ ಗುಡಿಸಲು ಬಂದರೆ ಕಾಲೆತ್ತಬೇಕು, ಒರೆಸಲು ಬಂದರೆ ಇನ್ನೊಮ್ಮೆ ಕಾಲೆತ್ತಬೇಕು. ಈಗ ತಲೆಯ ಮೇಲೆ ಖಾಕಿ ಟೊಪ್ಪಿ ಬಂದಿತ್ತು. ಟೀ ಅಂಗಡಿಯಲ್ಲಿ ‘ಗೈಡ್ ಸಾಹೇಬ್ರೇ’ ಎನ್ನುತ್ತಿದ್ದರು. ಆ ಟೊಪ್ಪಿ ಹೋದರೆ ಮತ್ತೆ ಕಾಲೆತ್ತುವ ಕೆಲಸವೇ ಗತಿ.

ಶನಿವಾರ ಸಂಜೆ ಪಕ್ಕದ ಮನೆಯ ಜಂಬಣ್ಣ ಕಾಗದವನ್ನು ಎರಡು ಸಲ ಓದಿದ. ಊರಿನವರ ಕಾಗದ ಓದುವುದೆಂದರೆ ಅವನಿಗೆ ಊಟಕ್ಕಿಂತ ರುಚಿ.

“ಇದ್ರಲ್ಲಿ ಅಳೋಂಥದ್ದೇನಿದೆ ಮಾರಾಯ? ದಾರಿ ಸುಲಭ ಇದ್ರೆ ತಾನೇ ನಿನ್ ಕೆಲ್ಸ ಹೋಗೋದು? ಕಷ್ಟ ಮಾಡು.”

“ಇರೋ ದಾರೀನ ಕಷ್ಟ ಮಾಡೋದು ಹೆಂಗಣ್ಣ?”

“ಬೋರ್ಡೆಲ್ಲಾ ಕಿತ್ತಾಕು. ಆಮೇಲೆ ಮೇಡಂ ಏನು, ಅವರಜ್ಜಿ ಬಂದ್ರೂ ನಿನ್ ಹಿಂದೇನೇ ಬರ್ಬೇಕು.”

ಭಾನುವಾರ ಆರು ಗಂಟೆಗೇ ಹೂವಪ್ಪ ತೋಪಿಗೆ ಹೋಗಿ, ದಾರಿ ಕವಲೊಡೆಯುವಲ್ಲಿ ಸಾಲಾಗಿ ನಿಲ್ಲಿಸಿದ್ದ ಬೋರ್ಡುಗಳನ್ನೆಲ್ಲ ಕಿತ್ತು, ಲಾಯದ ಮೂಲೆಯಲ್ಲಿ ಹುಲ್ಲಿನಡಿ ಹುದುಗಿಸಿಟ್ಟ. ಬೆವರು ಒರೆಸಿಕೊಂಡು ಕೆರೆ ದಾರಿಗೆ ಬಂದವನು ಗಕ್ಕನೆ ನಿಂತ. ಎದುರಿನ ಹುಣಸೆಮರದ ಮೇಲೆ ಮೊಳದುದ್ದದ ಬಾಣದ ಗುರುತು! ಬೆಳ್ಳಗೆ, ಸುಣ್ಣದಲ್ಲಿ! ಮುಂದಿನ ಮರದ ಮೇಲೂ ಒಂದು, ಅದರಾಚೆಯ ಮರದ ಮೇಲೂ ಒಂದು. ಕೊನೆಯ ಮರದ ಬುಡದಲ್ಲಿ ಬಕೆಟ್ಟು, ಬ್ರಷ್ಷು ಹಿಡಿದು ನಗುತ್ತ ನಿಂತವರು ಎದುರು ಮನೆಯ ಈಶ್ವರಪ್ಪನವರು.

ಈಶ್ವರಪ್ಪನವರು ರಿಟೈರ್ಡ್ ಫೋರ್‌ಮನ್. ಹೋದ ತಿಂಗಳು ಮಗಳ ಮದುವೆಗೆ ಬಸ್‌ಸ್ಟಾಪಿನಿಂದ ಛತ್ರದವರೆಗೆ ದಾರಿಯುದ್ದಕ್ಕೂ ಸುಣ್ಣದಲ್ಲಿ ಬಾಣ ಬರೆದಿದ್ದರು. ಬಂದವರೆಲ್ಲ ಹೊಗಳಿದ್ದೇ ಹೊಗಳಿದ್ದು. ಅಂದಿನಿಂದ ಅವರ ಕೈ ಒಂದೇ ಸಮ ತುರಿಸುತ್ತಿತ್ತು.

“ಮೇಡಂ ದಾರಿ ನೋಡೋಕೆ ಬರ್ತಾರೆ, ನಿಮ್ ಕೆಲ್ಸದ ಪ್ರಶ್ನೆ ಅಂತ ಜಂಬಣ್ಣ ಹೇಳ್ದ. ಸುಮ್ನೆ ಕೂರೋಕಾಗುತ್ತಾ ಹೇಳಿ? ಬೆಳಕು ಹರಿಯೋ ಮೊದ್ಲೇ ಬಂದೆ, ಮೂರೂ ದಾರಿ ಮುಗ್ಸಿದೀನಿ. ಒಂದನೇ ಕ್ಲಾಸಿನ ಮಗೂನೂ ದಾರಿ ತಪ್ಪೋದಿಲ್ಲ, ನೋಡಿ ಬೇಕಾದ್ರೆ!”

ಹೂವಪ್ಪನಿಗೆ ಅವರ ಕಾಲಿಗೆ ಬೀಳಬೇಕೋ ಕುತ್ತಿಗೆ ಹಿಡಿಯಬೇಕೋ ತಿಳಿಯಲಿಲ್ಲ. ಉಪಕಾರ ಮಾಡಿದವರನ್ನು ಬೈಯುವುದು ಹೇಗೆ? ಅವರನ್ನು ಕಾಫಿಗೆಂದು ಅವರ ಮನೆಗೆ ಸಾಗಹಾಕಿ, ತೆಂಗಿನ ನಾರು ತಂದು ಉಜ್ಜಿದ. ಹಸಿ ಸುಣ್ಣ ಹೋಗುವ ಬದಲು ಹರಡಿಕೊಂಡು, ಮರ ವಿಭೂತಿ ಬಳಿದುಕೊಂಡ ಅಯ್ಯನವರ ಹಾಗೆ ಕಾಣಿಸಿತು. ಗಂಟೆ ಎಂಟಾಗಿತ್ತು. ಆಗ ಅವನ ತಲೆಗೊಂದು ಉಪಾಯ ಹೊಳೆಯಿತು. ಅಳಿಸುವುದೇಕೆ? ಬಾಣದ ಬಾಲಕ್ಕೂ ಒಂದು ಮೂತಿ ಬರೆದರಾಯಿತಲ್ಲ!

ಈಶ್ವರಪ್ಪನವರು ಬಿಟ್ಟುಹೋಗಿದ್ದ ಬಕೆಟ್ಟು ಹಿಡಿದು, ಒಂದೇ ಉಸಿರಿಗೆ ಮರದಿಂದ ಮರಕ್ಕೆ ಓಡಿದ. ಎಡವಿದ್ದೆಷ್ಟು, ಮುಳ್ಳು ಗೀರಿದ್ದೆಷ್ಟು! ಒಂಬತ್ತೂವರೆಗೆ ತೋಪಿನ ಬಾಣಗಳೆಲ್ಲ ಅತ್ತಲೂ ಹೋಗಿ, ಇತ್ತಲೂ ಹೋಗಿ ಎನ್ನುತ್ತಿದ್ದವು. ಹೂವಪ್ಪನ ಅರ್ಧ ಮೀಸೆ ಸುಣ್ಣವಾಗಿತ್ತು.

ಹತ್ತಕ್ಕೆ ಸರಿಯಾಗಿ ಪ್ರಿಯಂವದಾ ಮೇಡಂ ಆಟೋದಿಂದಿಳಿದರು. ಕಾಲಿಗೆ ಕ್ಯಾನ್ವಾಸ್ ಶೂ, ಕೈಯಲ್ಲಿ ನೋಟ್‌ಬುಕ್ಕು. ಹತ್ತು ನಿಮಿಷ ನಡೆಯುವಷ್ಟರಲ್ಲಿ ಮೂರನೇ ಬಾಣದ ಮುಂದೆ ನಿಂತುಬಿಟ್ಟರು.

“ಇದೇನ್ರೀ ಇದು? ಎರಡೂ ಕಡೆ ತೋರಿಸ್ತಿದೆ. ಬೋರ್ಡ್‌ಗಳೆಲ್ಲ ಎಲ್ಲಿ?”

“ದನ ಕೆಡವಿಬಿಡ್ತವೆ ಮೇಡಂ. ಈ ಬೋರ್ಡು, ಬಾಣ ಎಲ್ಲ ನಂಬೋಂಗಿಲ್ಲ. ಗೈಡಿಲ್ದಿದ್ರೆ ಇಲ್ಲಿ ಕಷ್ಟ.”

“ಹೌದು, ಕಷ್ಟಾನೇ,” ಎಂದು ಮೇಡಂ ಬರೆದುಕೊಂಡರು. ಹೂವಪ್ಪನ ಎದೆ ಎರಡಿಂಚು ಉಬ್ಬಿತು.

ಇಲ್ಲಿ ಒಂದು ಗುಟ್ಟು ಹೇಳಿಬಿಡಬೇಕು. ಈ ಮೂರು ತಿಂಗಳಲ್ಲಿ ಹೂವಪ್ಪ ಒಂದೇ ಒಂದು ದಾರಿಯನ್ನೂ ಪೂರ್ತಿ ನಡೆದವನಲ್ಲ. ಜನ ಬಂದರೆ ಗೇಟಿನ ನೆರಳಲ್ಲೇ ನಿಂತು, “ಬಲಕ್ಕೆ ಕೆರೆ, ಎಡಕ್ಕೆ ಲಾಯ, ನೇರ ಹೋದ್ರೆ ಬಿದಿರುಮೆಳೆ, ಬೋರ್ಡ್ ನೋಡ್ಕೊಂಡು ಹೋಗಿ” ಎಂದು ಕೈ ಚಾಚಿ, ಮತ್ತೆ ಸ್ಟೂಲಿನ ಮೇಲೆ ಕೂರುತ್ತಿದ್ದ. ಬೆಳಿಗ್ಗೆಯಾದರೂ ಈಶ್ವರಪ್ಪನವರ ಬಾಣದ ಜಾಡು ಹಿಡಿದು ಓಡಿದ್ದರಿಂದ ಬಚಾವಾಗಿದ್ದ. ಆ ಬಾಣಗಳಿಗೆ ಈಗ ಅವನೇ ಎರಡು ಮೂತಿ ಅಂಟಿಸಿದ್ದ.

ದಾರಿ ತಪ್ಪಿದ್ದು ಅವನಿಗೆ ಗೊತ್ತಾದದ್ದು ಒಂದು ಚಪ್ಪಟೆ ಕಲ್ಲನ್ನು ಎರಡನೇ ಸಲ ಕಂಡಾಗ. ಮೊದಲ ಸಲ ಆ ಕಲ್ಲಿನ ಮುಂದೆ, “ಸಾಹುಕಾರ್ರು ಇದ್ರ ಮೇಲೆ ಕಾಲಿಟ್ಟೇ ಕುದುರೆ ಹತ್ತೋರು ಮೇಡಂ” ಎಂದಿದ್ದ. ಈಗ ಬೇರೆ ದಾರಿಯಿಲ್ಲದೆ, “ಇದು ಪಂಚಾಯ್ತಿ ಕಲ್ಲು, ಇಲ್ಲಿ ಕೂತೇ ನ್ಯಾಯ ಹೇಳೋರು” ಎಂದ. ಮೂರನೇ ಸಲ ಅದೇ ಕಲ್ಲು ಎದುರಾದಾಗ, “ಇದು... ದೇವ್ರ ಕಲ್ಲು” ಎಂದು ಕೈಮುಗಿದುಬಿಟ್ಟ.

ಮೇಡಂ ಕನ್ನಡಕ ಸರಿಮಾಡಿಕೊಂಡರು. “ಹೂವಪ್ಪನವ್ರೇ, ನಮಗೆ ದಾರಿ ತಪ್ಪಿದೆ ಅಲ್ವಾ?”

“ಛೆ ಛೆ, ಎಲ್ಲಾದ್ರೂ ಉಂಟಾ ಮೇಡಂ!”

ಅಷ್ಟರಲ್ಲಿ ಪೊದೆಯೊಳಗಿಂದ ಜಂಬಣ್ಣ ಬಂದ. ಅಂಗಿಯ ತುಂಬ ಉತ್ತರಾಣಿ ಮುಳ್ಳು. “ಏನಾಯ್ತು ಅಂತ ನೋಡೋಣ ಅಂತ ಬಂದೆ ಮಾರಾಯ, ಒಂದ್ ಗಂಟೆಯಿಂದ ಸುತ್ತಾ ಇದೀನಿ. ಗೇಟ್ ಯಾವ ಕಡೆನೋ?” ಎಂದು ಮೇಡಂ ಎದುರೇ ಕೇಳಿದ. ಹೂವಪ್ಪನಿಗೆ ನಿಂತಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಇನ್ನೂ ಅರ್ಧ ಗಂಟೆ ಮೂವರೂ ಅಲೆದರು. ಬಿಸಿಲೇರಿತು. ಮೇಡಂ ಬಾಟಲಿಯ ನೀರು ಮುಗಿಯಿತು. ಆಗ ಲಂಟಾನದ ಪೊದೆಯಾಚೆಯಿಂದ, ತಲೆಯ ಮೇಲೆ ಪುಳ್ಳೆಸೌದೆಯ ಹೊರೆ ಹೊತ್ತ ಶಕುಂತಲಮ್ಮ ಕಾಣಿಸಿಕೊಂಡರು.

“ಮನೆ ಬೀಗದ ಕೈ ಜೇಬಲ್ಲಿ ಹಾಕ್ಕೊಂಡು ಬಂದಿದ್ದೀರಲ್ರೀ! ಒಳಗೆ ಹೋಗೋದು ಹೆಂಗೆ ನಾನು? ಇಲ್ಲೇನ್ ಮಾಡ್ತಿದ್ದೀರಿ ಮೂರ್ ಜನ?”

“ಮೆಲ್ಲಗೆ ಕಣೇ...” ಹೂವಪ್ಪ ಕಣ್ಸನ್ನೆ ಮಾಡಿದ. “ಗೇಟು...”

“ಗೇಟಾ? ಇಲ್ಲೇ ಇದ್ಯಲ್ಲ!” ಎಂದು ಲಂಟಾನ ಸರಿಸಿದರು. ಇಪ್ಪತ್ತು ಹೆಜ್ಜೆ ದೂರದಲ್ಲಿ ಗೇಟು, ಗೇಟಿನ ಪಕ್ಕ ಹೂವಪ್ಪನ ಸ್ಟೂಲು.

ಮೇಡಂ ಆಕೆಯ ಮುಖವನ್ನೇ ನೋಡಿದರು. “ನಿಮಗೆ ಇಲ್ಲಿ ಎಲ್ಲಾ ದಾರಿ ಗೊತ್ತಾಮ್ಮ? ಅಲ್ಲೊಂದು ಚಪ್ಪಟೆ ಕಲ್ಲಿದೆಯಲ್ಲ, ಅದೇನು?”

“ಗೊತ್ತಿಲ್ದೆ ಏನು, ಮದ್ವೆಯಾಗಿ ಬಂದಾಗಿಂದ ಇಲ್ಲೇ ಪುಳ್ಳೆ ಆರ್ಸೋದು. ಕೆರೆಯಿಂದ ಲಾಯಕ್ಕೆ ಒಳದಾರಿ ಇದೆ, ನವಿಲು ಬರೋದು ಅಲ್ಲೇ. ಆ ಕಲ್ಲಾ? ಅದು ಬಂಗ್ಲೆ ಬಟ್ಟೆ ಒಗಿಯೋ ಕಲ್ಲು. ನಮ್ಮತ್ತೆ ಅಲ್ಲೇ ಒಗೀತಿದ್ರು.”

ಗೇಟಿಗೆ ಬಂದು ಮೇಡಂ ಸ್ಟೂಲಿನ ಮೇಲೆ ಕೂತು, ನೋಟ್‌ಬುಕ್ಕು ತೆರೆದರು. ಅಷ್ಟು ಹೊತ್ತಿಗೆ ಈಶ್ವರಪ್ಪನವರೂ ಬಂದು ಸೇರಿಕೊಂಡಿದ್ದರು. ಹೂವಪ್ಪ ಟೊಪ್ಪಿ ಸರಿಮಾಡಿಕೊಂಡು ನಿಂತ.

“ನಾನು ಬರುವಾಗ ಗೈಡ್ ಬೇಡ ಅಂತಲೇ ಅಂದ್ಕೊಂಡು ಬಂದಿದ್ದೆ,” ಎಂದರು ಮೇಡಂ. “ಈಗ ಹೇಳ್ತೀನಿ, ಗೈಡ್ ಬೇಕೇ ಬೇಕು. ಕೆಲ್ಸ ಪರ್ಮನೆಂಟ್ ಮಾಡ್ತೀನಿ.”

ಜಂಬಣ್ಣ ಹೂವಪ್ಪನ ಬೆನ್ನಿಗೆ ಗುದ್ದಿದ. ಹೂವಪ್ಪನ ಕಣ್ಣಲ್ಲಿ ನೀರೇ ಬಂತು.

“ಹೆಸರು ಹೇಳಿ.”

“ಹೂವಪ್ಪ ಮೇಡಂ, ಇನಿಷಿಯಲ್ಲು...”

“ನಿಮ್ಮದಲ್ಲ. ಅಮ್ಮಾ, ನಿಮ್ಮ ಹೆಸರೇನು?”

ಶಕುಂತಲಮ್ಮ ಹೊರೆ ಕೆಳಗಿಳಿಸಿ, ಒಮ್ಮೆ ಗಂಡನ ಕಡೆ ನೋಡಿ, ಇನ್ನೊಮ್ಮೆ ಬಂಗಲೆಯ ಕಡೆ ನೋಡಿ, ಸ್ಪಷ್ಟವಾಗಿ ಹೆಸರು ಹೇಳಿದರು. ಆಮೇಲೆ ಮೆಲ್ಲಗೆ, “ಮತ್ತೆ ಇವ್ರು?” ಎಂದರು.

“ಇವರು ದಾರಿ ತಪ್ಪಿದ್ದಕ್ಕೇ ಗೈಡ್ ಎಷ್ಟು ಮುಖ್ಯ ಅಂತ ನನಗೆ ಅರ್ಥ ಆಗಿದ್ದು. ಅದಕ್ಕೆ ಥ್ಯಾಂಕ್ಸ್ ಹೇಳ್ಲೇಬೇಕು,” ಎನ್ನುತ್ತ ಮೇಡಂ ಚೀಲದಿಂದ ಹೊಸ ರಿಜಿಸ್ಟರೊಂದನ್ನು ತೆಗೆದರು. “ಇದು ನಮ್ಮ ವಿಸಿಟರ್ಸ್ ಬುಕ್ಕು. ತೋಪೆಲ್ಲಾ ಸುತ್ತಿದ ಮೊದಲನೇ ಪ್ರವಾಸಿ ನೀವೇ. ಬರೀರಿ.”

ಜಂಬಣ್ಣ ಒಂದು ಕಡೆಯಿಂದ, ಈಶ್ವರಪ್ಪನವರು ಇನ್ನೊಂದು ಕಡೆಯಿಂದ ಬಗ್ಗಿದರು. ಹೂವಪ್ಪ ಹೆಸರು ಬರೆದ, ಊರು ಬರೆದ. ಮೂರನೇ ಕಾಲಂ ‘ಉದ್ಯೋಗ’. ಅಲ್ಲಿ ಪೆನ್ನು ನಿಂತುಬಿಟ್ಟಿತು.

ಶಕುಂತಲಮ್ಮ ಗಂಡನ ತಲೆಯಿಂದ ಖಾಕಿ ಟೊಪ್ಪಿ ತೆಗೆದು, ಧೂಳು ಕೊಡವಿ ಹೇಳಿದರು:

“‘ಮನೆಕೆಲ್ಸ’ ಅಂತ ಬರೀರಿ. ಇಷ್ಟು ವರ್ಷ ಎಲ್ಲಾ ಕಡೆ ನಂದು ಹಂಗೇ ಬರ್ಸಿದ್ರಲ್ಲ.”