ಬೋಲ್ಟಿನ ಮೇಲೆ ಎಳೆದ ಗೆರೆ

ನನ್ನ ಕೆಲಸ ಏನೆಂದು ನಮ್ಮೂರು ಕಡಬದಲ್ಲಿ ಯಾರಾದರೂ ಕೇಳಿದರೆ ವಿವರಿಸುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಗದಗದ ಕಡೆಯ ಬಯಲಿನಲ್ಲಿ ನಿಂತ ಗಾಳಿಯಂತ್ರಗಳನ್ನು ಆರು ತಿಂಗಳಿಗೊಮ್ಮೆ ಹತ್ತಿ ಪರೀಕ್ಷಿಸುವುದು, ಗ್ರೀಸ್ ತುಂಬುವುದು, ಎಣ್ಣೆ ನೋಡುವುದು, ಬೋಲ್ಟ್ ಬಿಗಿ ಮಾಡುವುದು ಎಂದು ಮೊದಮೊದಲು ಹೇಳುತ್ತಿದ್ದೆ. ಎಲ್ಲವನ್ನೂ ಗಮನವಿಟ್ಟು ಕೇಳಿದ ನೆರೆಮನೆಯ ಭಟ್ಟರು ಕೊನೆಗೆ, "ಹಾಗಾದರೆ ನಮ್ಮ ಚಾವಡಿಯ ಫ್ಯಾನ್ ಒಂದು ಶಬ್ದ ಮಾಡ್ತದೆ, ಸ್ವಲ್ಪ ನೋಡ್ತೀರಾ?" ಎಂದರು. ಆಗುವುದಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಬಿಚ್ಚಿದೆ, ಜೋಡಿಸಿದೆ. ಈಗ ಅದರಲ್ಲಿ ಶಬ್ದವಿಲ್ಲ, ಗಾಳಿಯೂ ಇಲ್ಲ. "ಅಲ್ಲಿಯ ದೊಡ್ಡ ಫ್ಯಾನುಗಳನ್ನೂ ನೀವು ಹೀಗೇ ಮಾಡುದಾ?" ಎಂದು ನನ್ನ ಹೆಂಡತಿ ಸುಮತಿ ಇಂದಿಗೂ ನಗುತ್ತಾಳೆ. ಮೊದಲು ನಾನೂ ನಗುತ್ತಿದ್ದೆ. ಕಳೆದ ವರ್ಷದಿಂದ ಆಗುತ್ತಿಲ್ಲ.

ಈ ಕೆಲಸ ನನಗೆ ಕಲಿಸಿದವರು ಅರಂತೋಡಿನ ಕುಶಾಲಪ್ಪ. ನನಗಿಂತ ಎಂಟು ವರ್ಷ ದೊಡ್ಡವರು, ನನ್ನ ಬಾಯಲ್ಲಿ ಕುಶಾಲಣ್ಣ. ಗಾಳಿಯಂತ್ರದ ಕಂಬ ಹತ್ತುವಾಗ ಇಬ್ಬರಿರಲೇಬೇಕೆಂಬುದು ನಿಯಮ. ಹದಿನಾಲ್ಕು ವರ್ಷ ನಾವಿಬ್ಬರೇ ಜೋಡಿ. ಮೊದಲ ದಿನ ಕಂಬದೊಳಗಿನ ಏಣಿಯ ಅರ್ಧದಲ್ಲಿ ನನ್ನ ಕಾಲು ಕಟ್ಟಿಹೋಗಿತ್ತು. ಮೇಲೂ ಇಲ್ಲ, ಕೆಳಗೂ ಇಲ್ಲ. ಕುಶಾಲಣ್ಣ ಬೈಯಲಿಲ್ಲ, ಧೈರ್ಯವನ್ನೂ ಹೇಳಲಿಲ್ಲ. ನನ್ನ ಕೆಳಗಿನ ಮೆಟ್ಟಿಲಲ್ಲಿ ನಿಂತು ತಮ್ಮ ಅತ್ತೆ ಕೋಳಿಸಾರು ಮಾಡುವ ಕ್ರಮವನ್ನು ವಿವರಿಸತೊಡಗಿದರು. ಅವರು ಮಸಾಲೆ ಹುರಿದು ಮುಗಿಸುವಷ್ಟರಲ್ಲಿ ನಾನು ಕಂಬದ ತುದಿಯ ಯಂತ್ರದ ಕೋಣೆಯಲ್ಲಿದ್ದೆ.

ಆ ಕೋಣೆಯಲ್ಲಿಯೇ ನಮ್ಮ ಕೆಲಸ, ಅಲ್ಲಿಯೇ ಮಧ್ಯಾಹ್ನದ ಬುತ್ತಿ. ಒಂದೊಂದೇ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಎಳೆಯಬೇಕು. ಬೇಕಾದಷ್ಟು ಬಿಗಿಯಾದಾಗ ಅದು 'ಟಕ್' ಎನ್ನುತ್ತದೆ. ಆಮೇಲೆ ಬೋಲ್ಟಿನ ಮೇಲೆ ಬಣ್ಣದ ಪೆನ್ನಿನಿಂದ ಒಂದು ಗೆರೆ. "ಗೆರೆ ಅಂದ್ರೆ ಸಹಿ ಹಾಕಿದ ಹಾಗೆ ಮಾರಾಯ, ಸುಮ್ಮನೆ ಎಳೆಯುದಲ್ಲ" ಎಂದು ನನಗೆ ಹೇಳಿಕೊಟ್ಟವರೂ ಅವರೇ. ಕಳೆದ ವರ್ಷ ಒಂದು ದಿನ ಕಣ್ತಪ್ಪಿ, ಅವರು ಗೆರೆ ಎಳೆದಿದ್ದ ಬೋಲ್ಟಿಗೇ ನನ್ನ ಸ್ಪ್ಯಾನರ್ ಹಾಕಿದೆ. ಅದು ಸಲೀಸಾಗಿ ಕಾಲು ಸುತ್ತು ತಿರುಗಿತು. ಪಕ್ಕದ್ದೂ ತಿರುಗಿತು. ಅದರ ಪಕ್ಕದ್ದೂ.

ತಿರುಗಿ ನೋಡಿದೆ. ಕುಶಾಲಣ್ಣ ಆಚೆ ತುದಿಯಲ್ಲಿ ಎಡಗೈಯಿಂದ ಎಣ್ಣೆ ಸುರಿಯುತ್ತಿದ್ದರು. ಬಲಗೈ ಪಕ್ಕಕ್ಕೆ ಇಳಿಬಿದ್ದಿತ್ತು. ಊಟದ ಬುತ್ತಿಯನ್ನೂ ಕೆಲವು ದಿನಗಳಿಂದ ಎಡಗೈಯಲ್ಲಿ ಬಿಚ್ಚುತ್ತಿದ್ದುದು ಆಗ ನೆನಪಾಯಿತು.

ನಾನು ಮಾಡಬೇಕಾದದ್ದು ಏನೆಂದು ನಿಮಗೂ ಗೊತ್ತು. ಮಾಡಿದ್ದು ಬೇರೆ. ಅವರು ಆಚೆ ಹೋದಾಗೆಲ್ಲ ಹಿಂದಿನಿಂದ ಹೋಗಿ, ಅವರು ಗೆರೆ ಎಳೆದ ಬೋಲ್ಟುಗಳನ್ನೆಲ್ಲ ಕದ್ದು ಬಿಗಿ ಮಾಡುತ್ತಾ ಬಂದೆ. 'ಟಕ್' ಕೇಳಿಸದಿರಲೆಂದು ಅದೇ ಹೊತ್ತಿಗೆ ಕೆಮ್ಮುತ್ತಿದ್ದೆ. "ಕಫಕ್ಕೆ ಮದ್ದು ಮಾಡು ಮಾರಾಯ" ಎಂದು ಕುಶಾಲಣ್ಣ ಊರಿನಿಂದ ಶುಂಠಿ ಕಷಾಯದ ಪುಡಿ ತಂದುಕೊಟ್ಟರು. ಅದನ್ನೂ ಕುಡಿದೆ. ಹೀಗೆ ಒಂದು ತಿಂಗಳು. ಇದನ್ನು ನಾನು ದೊಡ್ಡ ಉಪಕಾರವೆಂದೇ ತಿಳಿದಿದ್ದೆ.

ಒಂದು ಮಧ್ಯಾಹ್ನ ಮರೆತ ನೀರಿನ ಬಾಟಲಿಗೆಂದು ಅವರು ವಾಪಸ್ ಬಂದರು. ನನ್ನ ಸ್ಪ್ಯಾನರ್ ಅವರ ಗೆರೆಯ ಮೇಲೆಯೇ ಇತ್ತು.

"ಎಷ್ಟು ದಿನದಿಂದ?" ಎಂದರು.

"ಇವತ್ತು ಮಾತ್ರ ಕುಶಾಲಣ್ಣ."

ಅವರು ಬಗ್ಗಿ ತಮ್ಮ ಗೆರೆಯನ್ನು ಎಡಗೈ ಬೆರಳಿನಿಂದ ಸವರಿದರು. "ಒಂದು ತಿಂಗಳು" ಎಂದೆ.

ಇಬ್ಬರೂ ಇಳಿದೆವು. ಅವರು ನೇರ ಸೂಪರ್‌ವೈಸರ್ ಬಳಿ ಹೋಗಿ, ಭುಜ ಹೋಗಿದೆ ಎಂದೂ, ಇಂತಿಂಥ ಯಂತ್ರಗಳಲ್ಲಿ ತಾನು ಬಿಗಿ ಮಾಡದೆ ಗೆರೆ ಎಳೆದಿದ್ದೇನೆ ಎಂದೂ ಒಂದೊಂದನ್ನೇ ಹೇಳಿ ಬರೆಸಿದರು. ನನ್ನ ಹೆಸರು ಎತ್ತಲಿಲ್ಲ. ಸ್ಟೋರಿನಲ್ಲಿ ಕುಳಿತು ಮಾಡುವ ಕೆಲಸ ಕೊಡುತ್ತೇವೆಂದರೂ ಒಪ್ಪದೆ, ಮರುದಿನ ನಾನು ಕಂಬದ ಮೇಲಿರುವಾಗಲೇ ಊರಿಗೆ ಹೊರಟುಹೋದರು. ಆಮೇಲೆ ನನ್ನ ಫೋನ್ ಎತ್ತಲಿಲ್ಲ.

ಹತ್ತು ತಿಂಗಳ ಮೇಲೆ, ಸುಳ್ಯದಲ್ಲಿ ಒಂದು ಮದುವೆಗೆ ಬಂದವನು ಊಟ ಬಿಟ್ಟು ಅರಂತೋಡಿನ ಬಸ್ಸು ಹತ್ತಿದೆ. ಕುಶಾಲಣ್ಣ ಜಗಲಿಯಲ್ಲಿ ಕುಳಿತು ಎಡಗೈಯಲ್ಲಿ ಕರಿಮೆಣಸು ಹೆಕ್ಕುತ್ತಿದ್ದರು. "ಬಾ, ಕೂತ್ಕೋ" ಎಂದರು. ಅವರ ಹೆಂಡತಿ ಲೀಲಕ್ಕ ಚಹಾ ಮಾಡಲು ಒಳಗೆ ಹೋದರು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳಲ್ಲಿ ನನಗೆ ನೆನಪಾದದ್ದು ಒಂದೇ. "ನಿಮ್ಮ ಮನಸ್ಸು ನೋಯಬಾರದು ಅಂತ ಹಾಗೆ ಮಾಡಿದೆ ಕುಶಾಲಣ್ಣ."

ಅವರು ಮೆಣಸು ಹೆಕ್ಕುತ್ತಲೇ ಹೇಳಿದರು: "ನಾನು ಮಾಡಿದ್ದು ತಪ್ಪೇ. ನಾಚಿಕೆ ಉಂಟು ನಂಗೆ. ಆದರೆ ನೀನು ಒಂದು ತಿಂಗಳು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು ಊಟ ಮಾಡಿದೆ ಅಲ್ವಾ? ಕೈಗೆ ಎಂತ ಆಯ್ತು ಕುಶಾಲಣ್ಣ ಅಂತ ಒಂದು ಮಾತು ಕೇಳಿದ್ರೆ ಸಾಕಿತ್ತು. ಹೇಳಿ ಬಿಡ್ತಿದ್ದೆ. ಅಷ್ಟು ಮೇಲೆ ನಂಗೆ ಬೇರೆ ಯಾರಿದ್ದರು ಮಾರಾಯ?"

ನಾನೂ ನಾಲ್ಕು ಮೆಣಸು ಹೆಕ್ಕಿದೆ. ಅಷ್ಟರಲ್ಲಿ ಲೀಲಕ್ಕ ಎರಡು ಲೋಟ ಚಹಾ ತಂದಿಟ್ಟು, ನಾನು ಒಂದು ಗುಟುಕು ಕುಡಿಯುವವರೆಗೆ ಕಾದು ನಿಂತು, "ಸರಿ ಉಂಟಾ?" ಎಂದು ಕೇಳಿದರು.

"ಭಾರೀ ಲಾಯ್ಕ ಉಂಟು ಅಕ್ಕ" ಎಂದೆ. ಅವರು ಒಳಗೆ ಹೋದರು.

ಕುಶಾಲಣ್ಣ ತಮ್ಮ ಲೋಟದಿಂದ ಒಂದು ಗುಟುಕು ಕುಡಿದರು. ನನ್ನ ಮುಖವನ್ನು ಒಂದು ಕ್ಷಣ ನೋಡಿದರು. ಆಮೇಲೆ ಒಳಗೆ ತಿರುಗಿ, "ಲೀಲಾ, ಸಕ್ಕರೆ ಹಾಕ್ಲಿಕ್ಕೆ ಮರೆತಿದ್ದಿ, ಡಬ್ಬ ತಾ" ಎಂದರು.