ಹತ್ತು ಟನ್ನಿನ ಬೀಮು

ಧನರಾಜ್ ಬರೆದದ್ದು ಒಂದೇ ಒಂದು ಸುಳ್ಳು. ಅದೂ ಹಳದಿ ಪೇಂಟಿನಲ್ಲಿ, ಗೇಟಿನಿಂದಲೇ ಕಾಣುವಷ್ಟು ದೊಡ್ಡದಾಗಿ: ‘ಗರಿಷ್ಠ 10 ಟನ್’. ಬೀಮು ನಿಜಕ್ಕೂ ಹೊರಬಲ್ಲದ್ದು ಇಪ್ಪತ್ತು.

ಉದ್ಯಾವರದ ಹೊಳೆಬದಿಯ ದೋಣಿ ಯಾರ್ಡಿಗೆ ಅವನು ಹೊಸ ಇಂಜಿನಿಯರ್. ಕ್ರೇನಿನ ಕೊಕ್ಕೆಗೂ ದೋಣಿಗೂ ನಡುವೆ ಉಕ್ಕಿನ ಬೀಮೊಂದು ಅಡ್ಡಲಾಗಿ ತೂಗದಿದ್ದರೆ, ದೋಣಿಯಡಿಗೆ ಹಾಕಿ ಎತ್ತುವ ಬೆಲ್ಟುಗಳು ದೋಣಿಯ ಎರಡೂ ಬದಿಗಳನ್ನು ಹಣ್ಣು ಪಪ್ಪಾಯಿಯಂತೆ ಹಿಸುಕಿಬಿಡುತ್ತವೆ. ಅವನು ಮಾಡಿದ ಮೊದಲ ಬೀಮಿನ ಮೇಲೆ ಹತ್ತು ಟನ್ ಎಂದು ನಿಜವನ್ನೇ ಬರೆದಿದ್ದ. ಇಂಜಿನಿಯರುಗಳು ಅರ್ಧ ಕೈಯಲ್ಲಿಟ್ಟುಕೊಂಡೇ ಬರೆಯುತ್ತಾರೆಂದು ಯಾರ್ಡಿನವರು ಅದರಲ್ಲಿ ಹದಿನೆಂಟು ಎತ್ತಿದರು. ಬೀಮು ಬಾಳೆಹಣ್ಣಿನಂತೆ ಬಾಗಿತು. ಹೆಸರು ಕೆಟ್ಟದ್ದು ಮಾತ್ರ ಧನರಾಜನದು.

ಈ ಸಲ ಕಾಪುವಿನ ಗುಣವತಿಯಕ್ಕ ತಮ್ಮ ಹೊಸ ದೋಣಿ ಹದಿನೆಂಟು ಟನ್ ಎಂದಿದ್ದರು. ಇಪ್ಪತ್ತಕ್ಕೆ ಬೀಮು ಮಾಡಿ ಹತ್ತು ಎಂದು ಬರೆದರೆ, ಎಲ್ಲರೂ ತಾವಾಗಿಯೇ ಎರಡರಿಂದ ಗುಣಿಸಿ ಸರಿಯಾದ ಉತ್ತರಕ್ಕೆ ಬರುತ್ತಾರೆ ಎಂಬುದು ಅವನ ಲೆಕ್ಕ. ಅವನ ಮೂರು ತಿಂಗಳ ಪ್ರೊಬೇಷನ್ ಇವತ್ತಿಗೆ ಮುಗಿಯುತ್ತಿತ್ತು. ಹತ್ತು ನಲವತ್ತರ ಮುಹೂರ್ತಕ್ಕೆ ದೋಣಿ ನೀರಿಗಿಳಿದರೆ ಕೆಲಸ ಕಾಯಂ ಎಂದು ಮಾಲಕ ಶೇಖರಣ್ಣ ಹೇಳಿಯಾಗಿತ್ತು.

ಒಂಬತ್ತೂವರೆಗೆ ಬಾಡಿಗೆ ಕ್ರೇನ್ ಬಂತು. ಆಪರೇಟರ್ ಆಲ್ಫೋನ್ಸ್ ಹದಿನಾಲ್ಕು ವರ್ಷ ಗಲ್ಫಿನಲ್ಲಿ ಕ್ರೇನ್ ಓಡಿಸಿ ಬಂದವನು. ಕೆಳಗಿಳಿದು ಬೀಮನ್ನು ಓದಿದ.

“ಬೋಟ್ ಎಷ್ಟು?”

“ಹದಿನೆಂಟು,” ಎಂದರು ಗುಣವತಿಯಕ್ಕ.

“ಇದರಲ್ಲಿ ಹತ್ತು ಅಂತ ಉಂಟು. ನಾನು ಎತ್ತುವುದಿಲ್ಲ.”

ಬರೆದದ್ದನ್ನು ನಂಬುವ ಮನುಷ್ಯನೊಬ್ಬ ಯಾರ್ಡಿಗೆ ಬರಬಹುದೆಂಬುದು ಧನರಾಜನ ಲೆಕ್ಕದಲ್ಲಿ ಎಲ್ಲಿಯೂ ಇರಲಿಲ್ಲ.

ನಲವತ್ತು ವರ್ಷ ದೋಣಿ ನಡೆಸಿ ಈಗ ಸಲಹೆ ಮಾತ್ರ ಕೊಡುವ ಚಂದಣ್ಣ ಮುಂದೆ ಬಂದರು. “ಎಂತ ಮಾರಾಯ, ಹೋದ ಸಲವೂ ಹತ್ತು ಅಂತಲೇ ಇತ್ತು. ಹದಿನೆಂಟು ಎತ್ತಲಿಲ್ವಾ?”

“ಎತ್ತಿ ಎಂತ ಆಯ್ತು?”

“ಬೀಮು ಸ್ವಲ್ಪ ಬಗ್ಗಿತು. ದೋಣಿಗೆ ಎಂತದೂ ಆಗಲಿಲ್ಲ.”

ಆಲ್ಫೋನ್ಸ್ ಕ್ರೇನಿನ ಕೀ ತೆಗೆದು ಜೇಬಿಗೆ ಹಾಕಿಕೊಂಡ.

ಧನರಾಜ್ ಅವನನ್ನು ಗುಟ್ಟಾಗಿ ಬದಿಗೆ ಕರೆದ. ಹಿಂದೆಯೇ ಹನ್ನೊಂದು ಜನ ಬಂದರು.

“ಇದು ಇಪ್ಪತ್ತರ ಬೀಮು. ಹತ್ತು ಅಂತ ನಾನು ಬೇಕಂತಲೇ ಸುಳ್ಳು ಬರೆದದ್ದು.”

“ಯಾಕೆ?”

“ಸೇಫ್ಟಿಗೆ.”

“ಸುಳ್ಳು ಬರೆಯುವ ಇಂಜಿನಿಯರನ್ನು ನಾನು ತುಂಬ ನೋಡಿದ್ದೇನೆ,” ಎಂದ ಆಲ್ಫೋನ್ಸ್. “ಕಡಿಮೆ ಬರೆಯುವವರನ್ನು ಇವತ್ತೇ ನೋಡಿದ್ದು.”

ಹತ್ತು ಅಳಿಸಿ ಇಪ್ಪತ್ತು ಬರೆದದ್ದಾಯಿತು. ಹಸಿ ಪೇಂಟಿನ ನಂಬರನ್ನು ಆಲ್ಫೋನ್ಸ್ ಒಪ್ಪಲಿಲ್ಲ. ಗುಣವತಿಯಕ್ಕ ಸೆರಗಿನಿಂದ ಅದಕ್ಕೆ ಗಾಳಿ ಬೀಸಿದರು. ಆಲ್ಫೋನ್ಸ್ ಬೀಮಿನ ಲೆಕ್ಕ ಕೇಳಿದ. ಇಪ್ಪತ್ತಾರು ಪುಟ. ಪರೀಕ್ಷೆಯ ಹಿಂದಿನ ದಿನದ ವಿದ್ಯಾರ್ಥಿಯಂತೆ ತುಟಿ ಅಲ್ಲಾಡಿಸುತ್ತ ಓದಿದ. ಹದಿನಾಲ್ಕನೆಯ ಪುಟದಲ್ಲಿ ನಿಂತು, ವೆಲ್ಡಿಂಗಿನ ದಪ್ಪವನ್ನು ಎದುರಿಗೇ ಅಳೆಸಿದ. ದೋಣಿಯ ಮೂತಿಗೆ ಸುತ್ತಿದ್ದ ಶಂಕರಪುರ ಮಲ್ಲಿಗೆ ಬಾಡತೊಡಗಿತು.

“ಇಂಜಿನಿಯರ್ರೇ, ಮುಹೂರ್ತ ತಪ್ಪಿದರೆ ಇನ್ನು ಹದಿನೈದು ದಿನ ಇಲ್ಲವಂತೆ,” ಎಂದರು ಗುಣವತಿಯಕ್ಕ.

ಹತ್ತು ಮೂವತ್ತೆರಡಕ್ಕೆ ಆಲ್ಫೋನ್ಸ್ ಕೊನೆಯ ಪುಟ ಮುಚ್ಚಿದ. “ಲೆಕ್ಕ ಒಳ್ಳೆಯದುಂಟು,” ಎಂದು ಕ್ಯಾಬಿನ್ ಹತ್ತಿದ. ದೋಣಿ ಮೇಲೆದ್ದಿತು. ಬೀಮು ಕೂದಲಷ್ಟೂ ಬಾಗಲಿಲ್ಲ. ಹತ್ತು ಮೂವತ್ತೊಂಬತ್ತಕ್ಕೆ ದೋಣಿ ನೀರು ಮುಟ್ಟಿತು. ತೆಂಗಿನಕಾಯಿ ಒಡೆಯಿತು, ಪಟಾಕಿ ಸಿಡಿಯಿತು. ಧನರಾಜ್ ಬೆಳಗ್ಗಿನಿಂದ ಹಿಡಿದಿದ್ದ ಉಸಿರು ಬಿಟ್ಟ.

ಆಲ್ಫೋನ್ಸ್ ಕ್ಯಾಬಿನ್ನಿನಿಂದ ತಲೆ ಹೊರಗೆ ಹಾಕಿದ. “ತೂಕದ ಮೀಟರ್ ನೋಡಿದೆ. ಬೀಮಿನ ತೂಕ ಕಳೆದರೆ ಬೋಟ್ ಒಂಬತ್ತೇ ಟನ್!”

ಎಲ್ಲರೂ ಗುಣವತಿಯಕ್ಕನ ಕಡೆ ತಿರುಗಿದರು. ಅವರು ಪ್ರಸಾದ ಹಂಚುವುದನ್ನು ನಿಲ್ಲಿಸಲಿಲ್ಲ.

“ಹೌದು, ಒಂಬತ್ತೇ. ಹೋದ ಸಲ ಇವರ ಬೀಮು ಬಗ್ಗಿದ ಸುದ್ದಿ ಕಾಪುವಿಗೂ ಬಂದಿತ್ತು. ಅದಕ್ಕೆ ನಾನೇ ಡಬಲ್ ಹೇಳಿದೆ.”

“ಹಾಗಾದರೆ ಆ ಹತ್ತೇ ಸಾಕಿತ್ತು,” ಎಂದರು ಚಂದಣ್ಣ. “ಸುಮ್ಮನೆ ಅಳಿಸಿದ್ದು.”

ಶೇಖರಣ್ಣ ಬೀಮನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದರು. ಆಮೇಲೆ ಜೇಬಿನಿಂದ ಧನರಾಜನ ಕೆಲಸದ ಕಾಗದ ತೆಗೆದು, ಏನೋ ತಿದ್ದಿ, ಅವನ ಕೈಗೆ ಕೊಟ್ಟರು. ಪ್ರೊಬೇಷನ್ ಮೂರು ತಿಂಗಳು ಎಂದಿದ್ದಲ್ಲಿ ಆರು ಎಂದಾಗಿತ್ತು.

“ದೋಣಿ ಮುಹೂರ್ತಕ್ಕೆ ಇಳಿಯಿತಲ್ಲ ಶೇಖರಣ್ಣ?”

“ಇಳಿಯಿತು. ನಿನ್ನ ಕೆಲಸದಲ್ಲಿ ಒಂದು ತಪ್ಪಿಲ್ಲ,” ಎಂದು ಶೇಖರಣ್ಣ ಪೆನ್ನಿಗೆ ಮುಚ್ಚಳ ಹಾಕಿದರು. “ಆದರೆ ನಿಮಗೆಲ್ಲ ಸೇಫ್ಟಿ ಬೇಕಾದರೆ ನನಗೆ ಬೇಡ್ವಾ ಮಾರಾಯ?”