ತೊಟ್ಟಿಯ ಮೀನೂ ನನ್ನ ವಿಕಾಸವಾದವೂ

ನನಗೆ ಜಾತಕದಲ್ಲಿ ನಂಬಿಕೆಯಿಲ್ಲ, ಹವಾಮಾನ ವರದಿಯಲ್ಲಿ ಇಲ್ಲ, ಡಾಕ್ಟರು ಬರೆದುಕೊಡುವ ಟಾನಿಕ್ಕಿನಲ್ಲಂತೂ ಇಲ್ಲವೇ ಇಲ್ಲ. ಈಚೆಗೆ ಈ ಪಟ್ಟಿಗೆ ನನ್ನ ನೆನಪೂ ಸೇರಿದೆ. ಸೇರಿದ್ದು ಭದ್ರಾವತಿಯ ನ್ಯೂಟೌನಿನಲ್ಲಿ, ಗೆಳೆಯ ಸೆಲ್ವರಾಜನ ಹಿತ್ತಲಲ್ಲಿ, ಒಂದು ಸಿಮೆಂಟು ತೊಟ್ಟಿಯ ಮುಂದೆ.

ಸೆಲ್ವರಾಜ ಕಾರ್ಖಾನೆಯಿಂದ ನಿವೃತ್ತನಾದ ಮೇಲೆ ಆ ತೊಟ್ಟಿಯಲ್ಲಿ, ಮೊಳದುದ್ದ ಬೆಳೆಯುವ ಕಾಟ್ಲಾ ಮೀನು ಸಾಕಲು ಹೊರಟ. ಮಗಳು ಕವಿತಾಳ ಮದುವೆ ಗೊತ್ತಾಗಿತ್ತು. ಹೊಸ ಅಳಿಯನ ಮೊದಲ ಊಟಕ್ಕೆ ಮನೆಯ ಮೀನನ್ನೇ ಬಡಿಸುತ್ತೇನೆಂದು ಬೀಗರಿಗೆ ಮಾತು ಕೊಟ್ಟುಬಿಟ್ಟಿದ್ದ. ಎಷ್ಟು ಮರಿ ಬಿಡಬೇಕು ಎಂದು ಕೇಳಲು ಶಿವಮೊಗ್ಗಕ್ಕೆ ನನ್ನ ಹತ್ತಿರ ಬಂದ. ನಾನು ಮೂವತ್ತು ವರ್ಷ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿದವನು. ಮೀನು ತಿನ್ನುವುದಿಲ್ಲ, ಸಾಕಿದ್ದೂ ಇಲ್ಲ. ಆದರೆ ಅಭಿಪ್ರಾಯಕ್ಕೆ ಅದೆಲ್ಲ ಅಡ್ಡಿಯೆ? ಮರಿ ಮಾರುವವನು ಇಪ್ಪತ್ತು ಸಾಕು ಎಂದಿದ್ದನಂತೆ. ನಾನು ನಕ್ಕೆ. ಪ್ರಾಣಿಗಳು ಕಿಕ್ಕಿರಿದಲ್ಲಿ ಜಗಳ ಹೆಚ್ಚು, ಜಗಳದಲ್ಲಿ ಗೆಲ್ಲುವುದು ದೊಡ್ಡ ದೇಹ, ಆದ್ದರಿಂದ ಸಾಂದ್ರತೆ ಹೆಚ್ಚಿದಂತೆ ಗಾತ್ರವೂ ಹೆಚ್ಚುತ್ತದೆ ಎಂದು ಗೋಡೆಯನ್ನೇ ಬೋರ್ಡು ಮಾಡಿಕೊಂಡು ವಿವರಿಸಿ, ಇನ್ನೂರು ಮರಿ ಬಿಡಿಸಿದೆ.

ತಿಂಗಳುಗಟ್ಟಲೆ ಸಾಕಿದ ಮೇಲೆ, ಊಟದ ದಿನ ಹೋಗಿ ನೋಡಿದರೆ ಬಲೆಗೆ ಬಂದದ್ದೆಲ್ಲ ಬೆರಳುದ್ದ. ಬೀಗರು ಮುಂದಿನ ಕೋಣೆಯಲ್ಲಿ ಕೂತಾಗಿತ್ತು. ಸೆಲ್ವರಾಜ ಮತ್ತೆ ಬಲೆ ಇಳಿಸಿದ. ಅವನ ಹೆಂಡತಿ ಮಲ್ಲಿಕಾ ತೊಟ್ಟಿಯೊಳಗೆ ಬಗ್ಗಿ ನೋಡಿ, ಗಂಡನ ಕಡೆ ಕೈ ತೋರಿಸಿದಳು.

"ಒಂದ್ ರೂಮಿನ ಕ್ವಾರ್ಟರ್ಸಲ್ಲಿ ಎಂಟು ಜನ ಒಡಹುಟ್ಟಿದವ್ರ ಜೊತೆ ಬೆಳೆದವ್ರು ಸಾರ್ ಇವ್ರು. ಇವ್ರ ಎತ್ತರ ನೋಡಿಯಾದ್ರೂ ನಿಮಗೆ ಗೊತ್ತಾಗ್ಬೇಕಿತ್ತು."

ಸೆಲ್ವರಾಜ ನನ್ನ ಭುಜಕ್ಕೆ ಬರುತ್ತಾನೆ. ಹೊಟ್ಟೆಗೆ ಸಾಲದ ಕಡೆ ಗುಂಪು ಬೆಳೆದರೆ ಸಣ್ಣ ದೇಹವೇ ಉಳಿಯುವುದೂ ಉಂಟು, ಎಂದು ನಾನು ಸಿದ್ಧಾಂತವನ್ನು ತಿರುಗಿಸಿ ಹಾಕಲು ತೊದಲಿದೆ. ಹಿಂದೆ ನಿಂತಿದ್ದ ಕವಿತಾ ಒಂದು ಕಾಲದಲ್ಲಿ ನನ್ನ ವಿದ್ಯಾರ್ಥಿನಿ. ಅವಳು ಮೆಲ್ಲಗೆ ಹೇಳಿದಳು:

"ನೀವು ಅಪ್ಪಂಗೆ ಹೇಳಿದ್ದನ್ನೇ ನಾನು ಪರೀಕ್ಷೇಲಿ ಬರ್ದಿದ್ದೆ ಸರ್. ಸೊನ್ನೆ ಕೊಟ್ಟು, 'ಇದು ನೂರಾರು ತಲೆಮಾರಿನ ಮಾತು, ಒಂದು ಜನ್ಮದ್ದಲ್ಲ' ಅಂತ ಕೆಂಪು ಇಂಕಲ್ಲಿ ಬರ್ದಿದ್ರಿ."

ನನಗೆ ನೆನಪಿಲ್ಲ. ಪುರಾವೆಯಿಲ್ಲದೆ ಏನನ್ನೂ ನಂಬಬಾರದೆಂದು ಆ ಹುಡುಗಿಗೆ ಕಲಿಸಿದವನು ನಾನೇ. ಆದರೂ ಪುರಾವೆ ಕೇಳುವ ಧೈರ್ಯ ಬರಲಿಲ್ಲ.

ಮಲ್ಲಿಕಾ ಮೀನನ್ನು ಇಡಿಯಾಗಿಯೇ ಹುರಿದು ಬಡಿಸಿದಳು. ಇದು ಯಾವ ಮೀನೆಂದು ಬೀಗರು ಕೇಳಿದಾಗ ಸೆಲ್ವರಾಜ ನನ್ನ ಕಡೆ ನೋಡಲೂ ಇಲ್ಲ. ಕಾಟ್ಲಾನೇ, ಬೆಳೆಸೋಕೆ ನನಗೇ ಬರಲಿಲ್ಲ ಎಂದುಬಿಟ್ಟ. ಪಂಕ್ತಿಯಲ್ಲಿ ಇಕ್ಕಟ್ಟಾಗಿ ಅನ್ನ ಸಾರು ಕಲಸುತ್ತ ಕೂತಿದ್ದ ನಾನು, ಯಾವ ತಲೆಮಾರಿಗೂ ಕಾಯದೆ, ಆ ಒಂದೇ ಊಟದೊಳಗೆ ಬೆರಳುದ್ದವಾದೆ.